ಜೆನೆರಿಕ್ ಮಾಡಿದ ಮೇಲೆ ಕೋಡ್ ನಿಧಾನ ಆಯ್ತು: ಕಂಪೈಲರ್ ಕೈಲಿ ಇನ್‌ಲೈನ್ ಮಾಡಿಸೋದು ಹೇಗೆ?

ಓದುಗರ ಪ್ರಶ್ನೆ: ಸರ್, ನಾನು ಕಲಬುರಗಿಯವನು. ಕಪನೂರು ಇಂಡಸ್ಟ್ರಿಯಲ್ ಏರಿಯಾದ ದಾಲ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡದಲ್ಲಿ ಇದ್ದೇನೆ. ಬೇಳೆ ಆರಿಸುವ ಸಾರ್ಟೆಕ್ಸ್ ಮಷೀನುಗಳು ಬರೆದಿಡುವ 12 ಲಾಗ್ ಫೈಲುಗಳನ್ನು ಸಮಯದ ಪ್ರಕಾರ ಒಂದೇ ಸಾಲಿಗೆ ಜೋಡಿಸುವ ಪ್ರೋಗ್ರಾಂ ಗೋ ಭಾಷೆಯಲ್ಲಿ ಬರೆದಿದ್ದೇನೆ. ಒಟ್ಟು 4 ಕೋಟಿ ದಾಖಲೆ ಇರುತ್ತವೆ. ಎಲ್ಲಕ್ಕಿಂತ ಚಿಕ್ಕದನ್ನು ಸದಾ ಮೇಲೆ ಇಡುವ ಹೀಪ್ ನಾನೇ ಬರೆದದ್ದು. ಮೊದಲು ಅದು ಲಾಗ್ ದಾಖಲೆಗೆ ಮಾತ್ರ ಇತ್ತು, 6 ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತಿತ್ತು. ಕಾಟಾ (ತೂಕದ) ಎಂಟ್ರಿಗಳಿಗೂ ಅದೇ ಹೀಪ್ ಬೇಕಾಯಿತು ಅಂತ ಅದನ್ನು ಬೇರೆ ಬೇರೆ ಟೈಪಿಗೂ ಆಗುವ ಹಾಗೆ ಜೆನೆರಿಕ್ ಮಾಡಿದೆ. ಎರಡರಲ್ಲಿ ಯಾವುದು ಮೊದಲು ಅಂತ ಹೇಳುವ ‘ಲೆಸ್’ ಅನ್ನುವ ಮೆಥಡ್ ಟೈಪಿಗೆ ಇರಲೇಬೇಕು ಅಂತ ಷರತ್ತು ಇಟ್ಟೆ. ಆ ಮೆಥಡ್ ಪಾಯಿಂಟರ್ ಮೇಲೆ ಇದ್ದದ್ದರಿಂದ ಈಗ ಹೀಪಿನಲ್ಲಿ ದಾಖಲೆಗಳ ಬದಲು ಅವುಗಳ ಪಾಯಿಂಟರ್ (ಮೆಮೊರಿ ವಿಳಾಸ) ಇಡುತ್ತೇನೆ. ಒಂದನ್ನು ಪಾಪ್ ಮಾಡಿ (ತೆಗೆದು), ಅದೇ ಫೈಲಿನ ಮುಂದಿನದನ್ನು ಪುಶ್ ಮಾಡುತ್ತೇನೆ (ಹಾಕುತ್ತೇನೆ). ಈಗ 9 ಸೆಕೆಂಡ್ ಹಿಡಿಯುತ್ತಿದೆ. ಜೆನೆರಿಕ್ ಅಂದರೆ ಸಿ ಪ್ಲಸ್ ಪ್ಲಸ್ ಟೆಂಪ್ಲೇಟ್ ಇದ್ದ ಹಾಗೆ, ಖರ್ಚೇ ಇಲ್ಲ ಅಂತ ಕಾಲೇಜಿನಲ್ಲಿ ಓದಿದ ನೆನಪು. ಗೆಳೆಯನೊಬ್ಬ ಮೆಥಡ್ ಮೇಲೆ ‘ಗೋ ಕೋಲನ್ ಇನ್‌ಲೈನ್’ ಅಂತ ಬರೆ ಅಂದ. ಬರೆದೆ, ಏನೂ ಬದಲಾಗಲಿಲ್ಲ. ಇನ್‌ಲೈನ್ ಮಾಡಿಸಲು ದಾರಿ ಇದೆಯಾ? ಅಥವಾ ರಸ್ಟ್ ಭಾಷೆ ಕಲಿಯೋದೇ ವಾಸಿಯಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ. ಕಂಪೈಲರ್ ಕೈಲಿ ಇನ್‌ಲೈನ್ ಮಾಡಿಸೋದು, ಅಂದರೆ ಫಂಕ್ಷನ್ ಕರೆಯುವ ಬದಲು ಅದರ ಒಡಲನ್ನೇ ಕರೆಯ ಜಾಗದಲ್ಲಿ ಕೂರಿಸೋದು, ಹೇಗೆ ಅನ್ನೋದು ಒಂದು. ಆ 3 ಸೆಕೆಂಡ್ ಎಲ್ಲಿ ಹೋಯಿತು ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಅಂತ ನೀವು ಹಿಡಿದುಬಿಟ್ಟಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ. ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಗೆಳೆಯರ ಸಲಹೆ. ಗೋ ಭಾಷೆಯಲ್ಲಿ ‘ಗೋ ಕೋಲನ್ ನೋಇನ್‌ಲೈನ್’ ಅನ್ನುವ ಸೂಚನೆ ಇದೆ. ಬರೆದರೆ ಕಂಪೈಲರ್ ಆ ಫಂಕ್ಷನ್ನನ್ನು ಇನ್‌ಲೈನ್ ಮಾಡುವುದಿಲ್ಲ. ಅದರ ಉಲ್ಟಾ ಇಲ್ಲವೇ ಇಲ್ಲ. ನೀವು ಬರೆದ ಸಾಲು ಕಂಪೈಲರ್ ಪಾಲಿಗೆ ಬರೀ ಕಾಮೆಂಟ್. ತಪ್ಪು ಅಂತಲೂ ಹೇಳುವುದಿಲ್ಲ, ಸುಮ್ನೆ ದಾಟಿಕೊಂಡು ಹೋಗುತ್ತದೆ. ಇದೇ ತೊಂದರೆ, ಬೈದಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಈ ಸಾಲು ಹತ್ತಾರು ಫೈಲುಗಳಲ್ಲಿ ಇತ್ತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ತೆಗೆದರೆ ಏನಾದರೂ ಆದೀತು ಅಂತ ಯಾರೂ ಮುಟ್ಟುತ್ತಿರಲಿಲ್ಲ. ಒಂದು ದಿನ ಎಲ್ಲವನ್ನೂ ಅಳಿಸಿದೆ. ಏನೂ ಆಗಲಿಲ್ಲ.

ಸಿ ಪ್ಲಸ್ ಪ್ಲಸ್ ನೆನಪಿನ ಮಾತೂ ಅರ್ಧ ಸರಿ. ಅಲ್ಲಿ ಟೆಂಪ್ಲೇಟಿಗೆ ಎಷ್ಟು ಟೈಪ್ ಕೊಡುತ್ತೀರೋ ಅಷ್ಟು ಪ್ರತಿ (ಕಾಪಿ) ಕೋಡ್ ತಯಾರಾಗುತ್ತದೆ. ರಸ್ಟ್‌ನಲ್ಲೂ ಹಾಗೇ. ಪ್ರತಿ ಟೈಪಿಗೂ ಬೇರೆ ಪ್ರತಿ ಇರೋದರಿಂದ ಒಳಗೆ ಕರೆಯುವ ಲೆಸ್ ಯಾವುದು ಅಂತ ಕಂಪೈಲರಿಗೆ ಗೊತ್ತಿರುತ್ತದೆ. ಗೊತ್ತಿದ್ದರೆ ಅದರ ಒಡಲನ್ನು ತಂದು ಕರೆಯ ಜಾಗದಲ್ಲಿ ಕೂರಿಸಬಹುದು. ಗೋ ಕಂಪೈಲರ್ ಈ ದಾರಿಯನ್ನು ಪೂರ್ತಿ ಹಿಡಿಯಲಿಲ್ಲ.

ಅದಕ್ಕೆ ಕಾರಣವೂ ಇದೆ. ಗೋ ಹೊರಬಂದ 2009ರಲ್ಲೇ ಆ ತಂಡದ ರಸ್ ಕಾಕ್ಸ್ ಈ ಇಕ್ಕಟ್ಟನ್ನು ಬರೆದಿಟ್ಟಿದ್ದರು. ಜೆನೆರಿಕ್ ಇಲ್ಲದಿದ್ದರೆ ಪ್ರೋಗ್ರಾಮರ್ ನಿಧಾನ. ಟೈಪಿಗೊಂದು ಪ್ರತಿ ಮಾಡಿದರೆ ಕಂಪೈಲರ್ ನಿಧಾನ, ಫೈಲೂ ಊದಿಕೊಳ್ಳುತ್ತದೆ. ಎಲ್ಲಕ್ಕೂ ಒಂದೇ ಪ್ರತಿ ಮಾಡಿದರೆ ಓಡುವಾಗ ನಿಧಾನ. ಕೊನೆಗೆ ಜೆನೆರಿಕ್ ಬಂದದ್ದು 2022ರ ಮಾರ್ಚ್‌ನಲ್ಲಿ, 1.18ನೇ ಆವೃತ್ತಿಯಲ್ಲಿ. ಅವರು ಆರಿಸಿಕೊಂಡದ್ದು ನಡುವಿನ ದಾರಿ. ಆದರೂ 1.18ರಲ್ಲಿ ಕಂಪೈಲ್ ವೇಗ ಸುಮಾರು 15% ಇಳಿಯಿತು. ಅದನ್ನು ಹಳೇ ಮಟ್ಟಕ್ಕೆ ತರಲು 1.20ರ ತನಕ ಕಾಯಬೇಕಾಯಿತು.

ಆ ನಡುವಿನ ದಾರಿ ಏನು ಅಂತ ನಮ್ಮ ಗಂಜಿನ (ಧಾನ್ಯ ಮಾರುಕಟ್ಟೆಯ) ಮಾತಿನಲ್ಲೇ ಹೇಳುತ್ತೇನೆ. ಹಮಾಲರಿಗೆ ಚೀಲದ ಒಳಗೆ ತೊಗರಿ ಇದೆಯೋ ಕಡಲೆ ಇದೆಯೋ ಬೇಕಾಗಿಲ್ಲ. ಚೀಲದ ಅಳತೆ ಒಂದೇ ಇದ್ದರೆ ಎತ್ತುವ ರೀತಿ ಒಂದೇ. ಒಂದೇ ಗ್ಯಾಂಗು ಎಲ್ಲ ಲಾಟನ್ನೂ ಎತ್ತಿ ಇಡುತ್ತದೆ. ಗೋ ಕಂಪೈಲರ್ ಕೂಡ ಟೈಪುಗಳನ್ನು ಅವುಗಳ ಆಕಾರ ನೋಡಿ ಗುಂಪು ಮಾಡುತ್ತದೆ. ಒಂದು ಆಕಾರಕ್ಕೆ ಒಂದು ಪ್ರತಿ ಕೋಡ್. ತಳದ ಟೈಪ್ ಒಂದೇ ಆಗಿದ್ದರೆ ಆಕಾರ ಒಂದೇ. ಪಾಯಿಂಟರುಗಳಂತೂ ಯಾವುದರ ಪಾಯಿಂಟರ್ ಆದರೂ ಎಲ್ಲಾ ಒಂದೇ ಆಕಾರ. ನಿಮ್ಮ ಲಾಗ್ ದಾಖಲೆಯ ಪಾಯಿಂಟರಿಗೂ ಕಾಟಾ ಎಂಟ್ರಿಯ ಪಾಯಿಂಟರಿಗೂ ತಯಾರಾಗಿರೋದು ಹೀಪಿನ ಒಂದೇ ಪ್ರತಿ.

ಈಗ ಎರಡು ಚೀಲ ಮುಂದಿಟ್ಟು ‘ಇದರಲ್ಲಿ ಮೊದಲು ಯಾವುದು’ ಅಂತ ಕೇಳಿದರೆ ಹಮಾಲರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಲಾಟಿನ ಜೊತೆ ಒಂದು ಚೀಟಿ ಇರುತ್ತದೆ ಅಂತ ಇಟ್ಟುಕೊಳ್ಳಿ: ‘ಈ ಲಾಟಿನ ಪ್ರಶ್ನೆ ಇದ್ದರೆ ಆ ಅಂಗಡಿಯ ಮುನೀಮರನ್ನು ಕೇಳು.’ ಆಳು ಚೀಟಿ ಓದಿ, ಮುನೀಮರ ಹತ್ತಿರ ಹೋಗಿ, ಕೇಳಿಕೊಂಡು ಬರುತ್ತಾನೆ. ಕಂಪೈಲರ್ ಭಾಷೆಯಲ್ಲಿ ಈ ಚೀಟಿಗೆ ಡಿಕ್ಷನರಿ ಅಂತಾರೆ. ಜೆನೆರಿಕ್ ಫಂಕ್ಷನ್ ಕರೆದಾಗಲೆಲ್ಲ ನಿಮಗೆ ಕಾಣದ ಹಾಗೆ ಒಂದು ಹೆಚ್ಚಿನ ಆರ್ಗ್ಯುಮೆಂಟ್ ಆಗಿ ಅದು ಜೊತೆಗೆ ಹೋಗುತ್ತದೆ. ಲೆಸ್‌ನ ವಿಳಾಸ ಇರೋದು ಅದರಲ್ಲಿ. ಕಂಪೈಲ್ ಆಗುವ ಹೊತ್ತಿಗೆ ಆ ಪ್ರತಿಗೆ ಕಾಣೋದು ‘ಚೀಟಿಯಲ್ಲಿ ಬರೆದವರನ್ನು ಕೇಳು’ ಅನ್ನುವ ಸಾಲು ಮಾತ್ರ. ಯಾರು ಅಂತ ಗೊತ್ತಿಲ್ಲದ ಮೇಲೆ ಅವರ ಒಡಲನ್ನು ತಂದು ಇಲ್ಲಿ ಕೂರಿಸೋದು ಹೇಗೆ?

ಬಹಳ ಜನ ಎಡವುವ ಜಾಗ ಇಲ್ಲೇ ಇದೆ. ಜೆನೆರಿಕ್ ಟೈಪಿನ ಮೆಥಡ್ ಬೇರೆ, ಟೈಪ್ ಪ್ಯಾರಾಮೀಟರಿನ, ಅಂದರೆ ಬಳಸುವಾಗ ಕೊಡುವ ಟೈಪಿನ, ಮೆಥಡ್ ಬೇರೆ. ನಿಮ್ಮ ಹೀಪಿಗೆ ‘ಲೆನ್’, ‘ಪೀಕ್’, ‘ಪುಶ್’ ಇವೆ ಅಲ್ವಾ, ಇವು ಜೆನೆರಿಕ್ ಟೈಪಿನ ಮೆಥಡ್‌ಗಳು. ಹೊರಗಿನ ಸಾದಾ ಕೋಡ್ ಇವನ್ನು ಕರೆದಾಗ ಯಾವ ಹೀಪ್, ಯಾವ ಟೈಪ್ ಅಂತ ಕಂಪೈಲರಿಗೆ ಸ್ಪಷ್ಟ ಇರುತ್ತದೆ. ಚಿಕ್ಕದಾಗಿದ್ದರೆ ಆರಾಮಾಗಿ ಇನ್‌ಲೈನ್ ಆಗುತ್ತವೆ. ಜೆನೆರಿಕ್ ಅನ್ನುವ ಒಂದೇ ಕಾರಣಕ್ಕೆ ಇನ್‌ಲೈನ್ ನಿಂತುಹೋಗುತ್ತದೆ ಅನ್ನೋದು ಸುಳ್ಳು. ಲೆಸ್ ಹಾಗಲ್ಲ. ಅದು ನೀವು ಕೊಟ್ಟ ಟೈಪಿನ ಮೆಥಡ್, ಹೀಪಿನ ಒಳಗಿಂದ ಕರೆಯೋದು. ಅದು ಚೀಟಿ ಮೂಲಕವೇ ಹೋಗುತ್ತದೆ.

ಪಾಯಿಂಟರ್ ಬಿಟ್ಟು ಸ್ಟ್ರಕ್ಟನ್ನೇ (ದಾಖಲೆಯನ್ನೇ) ಕೊಟ್ಟರೆ ಲೆಸ್ ಇನ್‌ಲೈನ್ ಆಗುತ್ತದೆ ಅಂತ ಹೇಳುವವರೂ ಇದ್ದಾರೆ. ಸ್ಟ್ರಕ್ಟ್ ಕೊಟ್ಟರೆ ಅದಕ್ಕೆ ಬೇರೆ ಆಕಾರ, ಬೇರೆ ಪ್ರತಿ ಸಿಗುತ್ತದೆ ನಿಜ. ಆದರೆ ಆಕಾರ ಅಂದರೆ ತಳದ ಟೈಪ್ ಮಾತ್ರ. ಮೆಥಡ್‌ಗಳು ಸೇರಿರೋದು ನೀವು ಹೆಸರಿಟ್ಟ ಟೈಪಿಗೆ. ಒಂದೇ ಆಕಾರದ ಎರಡು ಟೈಪಿಗೆ ಎರಡು ಬಗೆಯ ಲೆಸ್ ಇರಬಹುದು. ಹಾಗಾಗಿ ಅಲ್ಲೂ ಚೀಟಿ ತಪ್ಪಿದ್ದಲ್ಲ. ಸ್ಟ್ರಕ್ಟ್ ಕೊಡೋದರಿಂದ ಬೇರೆ ಲಾಭ ಇದೆ, ಅದು ಮುಂದಿನ ಲೆಕ್ಕದಲ್ಲಿ ಬರುತ್ತದೆ.

12 ಫೈಲು ಅಂದರೆ ಹೀಪಿನಲ್ಲಿ 12 ಅಂಶ. ಒಂದನ್ನು ಪಾಪ್ ಮಾಡಿದರೆ 11 ಉಳಿಯುತ್ತವೆ. ಕೊನೆಯದನ್ನು ಮೇಲೆ ತಂದು ಕೆಳಗಿಳಿಸಲು ಹೆಚ್ಚೆಂದರೆ 3 ಮೆಟ್ಟಿಲು, ಮೆಟ್ಟಿಲಿಗೆ 2 ಹೋಲಿಕೆ, ಒಟ್ಟು 6. ಪುಶ್ ಮಾಡಿದಾಗ ಮೇಲೇರಲು ಹೆಚ್ಚೆಂದರೆ 3. ಅಂದರೆ ಒಂದು ದಾಖಲೆಗೆ 9 ಸಲ ಲೆಸ್ ಕರೆ. 4 ಕೋಟಿ ದಾಖಲೆಗೆ 36 ಕೋಟಿ ಕರೆ. ಚೀಟಿ ನೋಡಿ ಕರೆಯುವ ಹೆಚ್ಚಿನ ಖರ್ಚು ಇವತ್ತಿನ ಪ್ರೊಸೆಸರಿನಲ್ಲಿ ಒಂದೆರಡು ನ್ಯಾನೊಸೆಕೆಂಡ್. ಧಾರಾಳವಾಗಿ 3 ಅಂತ ಹಿಡಿಯೋಣ. 36 ಕೋಟಿಯನ್ನು 3ರಿಂದ ಗುಣಿಸಿದರೆ 108 ಕೋಟಿ ನ್ಯಾನೊಸೆಕೆಂಡ್, ಅಂದರೆ ಸುಮಾರು 1.1 ಸೆಕೆಂಡ್. ನಿಮ್ಮ ನಷ್ಟ 3 ಸೆಕೆಂಡ್. ಉಳಿದ ಸುಮಾರು 2 ಸೆಕೆಂಡನ್ನು ಯಾರು ತಿಂದರು?

ನಿಮ್ಮದೇ ಪತ್ರದಲ್ಲಿ ಉತ್ತರ ಇದೆ. ‘ಈಗ ದಾಖಲೆಗಳ ಬದಲು ಅವುಗಳ ಪಾಯಿಂಟರ್ ಇಡುತ್ತೇನೆ.’ ಮೊದಲು ದಾಖಲೆ ಸ್ಲೈಸಿನ (ಹೀಪಿನ ಪಟ್ಟಿಯ) ಒಳಗೇ ಕೂರುತ್ತಿತ್ತು. ಈಗ ಓದಿದ ಪ್ರತಿ ದಾಖಲೆಗೂ ಮೆಮೊರಿಯಲ್ಲಿ ಹೊಸ ಜಾಗ ಬೇಕು. 4 ಕೋಟಿ ಸಲ ಹೊಸ ಜಾಗ. ಬಳಸಿ ಬಿಟ್ಟ ಜಾಗವನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರಿನ ಪಾಲನ್ನೂ ಸೇರಿಸಿ ಒಂದಕ್ಕೆ 50 ನ್ಯಾನೊಸೆಕೆಂಡ್ ಅಂತ ಅಂದಾಜು ಮಾಡಿದರೂ 2 ಸೆಕೆಂಡ್ ಆಯಿತು. ಅದರ ಮೇಲೆ, ಪಕ್ಕಪಕ್ಕ ಇದ್ದ ದಾಖಲೆಗಳು ಈಗ ದಿಕ್ಕಿಗೊಂದು. ಹೋಲಿಸುವಾಗ ಪ್ರತಿ ಸಲ ಪಾಯಿಂಟರ್ ಹಿಡಿದು ಹೋಗಿ ನೋಡಬೇಕು. ನನ್ನ 50ರ ಅಂದಾಜನ್ನು ನಂಬಬೇಡಿ. ಬೆಂಚ್‌ಮಾರ್ಕಿಗೆ ‘ಬೆಂಚ್‌ಮೆಮ್’ ಫ್ಲ್ಯಾಗ್ ಹಾಕಿ ನೋಡಿ, ಒಂದು ಸುತ್ತಿಗೆ ಎಷ್ಟು ಅಲೊಕೇಶನ್ (ಹೊಸ ಜಾಗ) ಅಂತ ಅದೇ ಹೇಳುತ್ತದೆ. ಹಳೇ ಕೋಡಿನಲ್ಲಿ 0, ಹೊಸದರಲ್ಲಿ 1 ಬಂದರೆ ಕಳ್ಳ ಸಿಕ್ಕ.

ಇದಕ್ಕೂ ಇನ್‌ಲೈನಿಗೂ ಒಂದು ನಂಟಿದೆ, ಅದನ್ನೂ ಹೇಳಿಬಿಡುತ್ತೇನೆ. ಕರೆದದ್ದು ಯಾರನ್ನು ಅಂತ ಗೊತ್ತಿಲ್ಲದಿದ್ದಾಗ, ನೀವು ಕೊಟ್ಟ ಪಾಯಿಂಟರನ್ನು ಅವರು ಎಲ್ಲಾದರೂ ಇಟ್ಟುಕೊಂಡಾರು ಅಂತ ಕಂಪೈಲರ್ ಅನುಮಾನಪಡುತ್ತದೆ. ಸ್ಟ್ಯಾಕಿನಲ್ಲಿ ಇರಬಹುದಾಗಿದ್ದ ವೇರಿಯಬಲ್ಲನ್ನು ಹೀಪ್ ಮೆಮೊರಿಗೆ (ಇದು ನೀವು ಬರೆದ ಹೀಪ್ ಅಲ್ಲ, ಮೆಮೊರಿಯ ಒಂದು ಭಾಗದ ಹೆಸರು) ತಳ್ಳುತ್ತದೆ. ಇನ್‌ಲೈನ್ ತಪ್ಪಿದರೆ ಹೋಗೋದು ಬರೀ ಕರೆಯ ಖರ್ಚಲ್ಲ, ಅದರ ಬೆನ್ನ ಹಿಂದೆ ಬರುವ ಇಂಥ ಖರ್ಚೇ ಹೆಚ್ಚು ಸಲ ದುಬಾರಿ.

ಈಗ ಕಂಪೈಲರ್ ಏನು ಮಾಡಿದೆ ಅಂತ ಅದರ ಬಾಯಿಂದಲೇ ಕೇಳಿ. ಬಿಲ್ಡ್ ಮಾಡುವಾಗ ‘ಜಿಸಿಫ್ಲ್ಯಾಗ್ಸ್’ಗೆ ಮೈನಸ್ ಎಮ್ ಕೊಡಿ. ಯಾವ ಫಂಕ್ಷನ್ ಇನ್‌ಲೈನ್ ಆಗಬಲ್ಲದು, ಯಾವ ಕರೆ ನಿಜಕ್ಕೂ ಆಯಿತು, ಯಾವ ವೇರಿಯಬಲ್ ಹೀಪ್ ಮೆಮೊರಿಗೆ ಹೋಯಿತು ಅಂತ ಸಾಲು ಸಾಲಾಗಿ ಬರುತ್ತದೆ. ಎಮ್ ಈಕ್ವಲ್ 2 ಅಂತ ಕೊಟ್ಟರೆ ಆಗದೇ ಇದ್ದದ್ದಕ್ಕೆ ಕಾರಣವೂ ಸಿಗುತ್ತದೆ. ‘ಕಾಸ್ಟ್ 94, ಬಜೆಟ್ 80 ಮೀರಿದೆ’ ಅನ್ನುವ ಥರದ ಸಾಲು ಕಂಡರೆ ಅದು ಗಾತ್ರದ ಸಮಸ್ಯೆ. ಜೆನೆರಿಕ್ ಕೋಡಿನಲ್ಲಿ ಒಂದು ವಿಷಯ ನೆನಪಿಡಿ. ಹೀಪ್ ಇರುವ ಪ್ಯಾಕೇಜನ್ನು ಮಾತ್ರ ಬಿಲ್ಡ್ ಮಾಡಿದರೆ ಏನೂ ಕಾಣದೇ ಹೋಗಬಹುದು. ಯಾಕಂದರೆ ಅಲ್ಲಿ ಅದನ್ನು ಯಾವ ಟೈಪಿನ ಜೊತೆಗೂ ಬಳಸಿಲ್ಲ, ಪ್ರತಿಯೇ ತಯಾರಾಗಿಲ್ಲ. ಹೀಪನ್ನು ಬಳಸುವ ಪ್ಯಾಕೇಜಿನಲ್ಲಿ ನೋಡಿ. ಹೆಸರುಗಳಲ್ಲಿ ‘ಗೋ ಡಾಟ್ ಶೇಪ್’ ಅಂತ ಕಂಡರೆ ಗಾಬರಿ ಬೇಡ, ನಾನು ಹೇಳಿದ ಆಕಾರ ಅದೇ.

ಆ 80ರ ಬಗ್ಗೆ ಎರಡು ಮಾತು. ಫಂಕ್ಷನ್ನಿನ ಒಡಲಲ್ಲಿ ಇರುವ ಪ್ರತಿ ಸಣ್ಣ ಕೆಲಸಕ್ಕೂ ಕಂಪೈಲರ್ ಒಂದೊಂದು ಅಂಕ ಹಾಕುತ್ತದೆ. 80ರ ಒಳಗಿದ್ದರೆ ಇನ್‌ಲೈನ್, ಮೀರಿದರೆ ಇಲ್ಲ. ತಾನೇ ಇನ್‌ಲೈನ್ ಆಗದ ಇನ್ನೊಂದು ಕರೆ ಒಳಗಿದ್ದರೆ ಅದೊಂದಕ್ಕೇ 57 ಅಂಕ ಹೆಚ್ಚು. ಅಂಥ ಎರಡು ಕರೆ ಇದ್ದರೆ ಅಲ್ಲಿಗೆ ಕಥೆ ಮುಗಿಯಿತು. ಪೀಕ್ ಥರದ ಪುಟ್ಟ ಮೆಥಡ್‌ನಲ್ಲಿ ನಾನು ಬಹಳ ಸಲ ನೋಡಿರುವ ತಪ್ಪು ಇದು: ಹೀಪ್ ಖಾಲಿ ಇದ್ದರೆ ಪ್ಯಾನಿಕ್ ಮಾಡುವಾಗ (ಪ್ರೋಗ್ರಾಂ ನಿಲ್ಲಿಸುವಾಗ) ಒಳಗೆ ‘ಸ್ಪ್ರಿಂಟ್‌ಎಫ್’ ಹಾಕಿ ಚೆಂದದ ಸಂದೇಶ ಕಟ್ಟೋದು. ಎಂದೂ ಓಡದ ಆ ಸಾಲಿಗೆ 57 ಹೋಯಿತು, ಉಳಿದ 23ರಲ್ಲಿ ಸಂಸಾರ ನಡೆಯಬೇಕು. ಸಂದೇಶವನ್ನು ಸಾದಾ ಸ್ಟ್ರಿಂಗ್ ಮಾಡಿ, ಮೆಥಡ್ ಮತ್ತೆ ಹಗುರ ಆಗುತ್ತದೆ.

ಒಂದೇ ಮೆಥಡ್‌ನಲ್ಲಿ ದಿನಾ ಓಡುವ ಚಿಕ್ಕ ದಾರಿ, ಅಪರೂಪಕ್ಕೆ ಓಡುವ ದೊಡ್ಡ ದಾರಿ ಎರಡೂ ಇದ್ದರೆ ದೊಡ್ಡದನ್ನು ಬೇರೆ ಫಂಕ್ಷನ್ ಮಾಡಿ ಹೊರಗಿಡಿ. ಗೋ ತಂಡದವರೂ ಇದನ್ನೇ ಮಾಡಿದರು. 1.13ನೇ ಆವೃತ್ತಿಯಲ್ಲಿ ಮ್ಯೂಟೆಕ್ಸ್‌ನ (ಒಂದು ಸಲಕ್ಕೆ ಒಬ್ಬರನ್ನೇ ಒಳಬಿಡುವ ಬೀಗದ) ಲಾಕ್ ಮೆಥಡ್‌ ಅನ್ನು ಹೀಗೆ ಒಡೆದರು. ಯಾರೂ ಅಡ್ಡ ಇಲ್ಲದಿದ್ದಾಗಿನ ದಾರಿ ಕರೆದಲ್ಲೇ ಇನ್‌ಲೈನ್ ಆಗುತ್ತದೆ, ಕಾಯಬೇಕಾದಾಗಿನ ದಾರಿ ಬೇರೆ ಫಂಕ್ಷನ್ನಿಗೆ ಹೋಗುತ್ತದೆ. ಆದರೆ ಇವೆಲ್ಲ ಹೀಪಿನ ಸ್ವಂತ ಮೆಥಡ್‌ಗಳಿಗೆ ಆಗುವ ಉಪಾಯ. ಲೆಸ್‌ಗೆ ಬರುವುದಿಲ್ಲ. ಸಮಯ ಹೋಲಿಸುವ ನಿಮ್ಮ ಲೆಸ್ ಒಂದೇ ಸಾಲಿನದು ಇರಬೇಕು, ಅದಕ್ಕೆ ಗಾತ್ರದ ರೋಗವೇ ಇಲ್ಲ.

ಲೆಸ್‌ಗೆ ನಾನು ಮೊದಲು ಹೇಳುವ ಮದ್ದು, ಅದನ್ನು ತೆಗೆದೇ ಹಾಕೋದು. ನೀವು ಜೋಡಿಸುತ್ತಿರೋದು ಸಮಯದ ಮೇಲೆ. ಸಮಯ ಅಂದರೆ ಒಂದು ಸಂಖ್ಯೆ. ಹೀಪಿಗೆ ಎರಡು ಟೈಪ್ ಪ್ಯಾರಾಮೀಟರ್ ಕೊಡಿ: ಒಂದು ಕೀ, ಇನ್ನೊಂದು ಸರಕು. ಕೀಗೆ ‘ಸಿಎಂಪಿ ಡಾಟ್ ಆರ್ಡರ್ಡ್’ ಅನ್ನುವ ಷರತ್ತು ಹಾಕಿ, ಇದು 1.21ರಿಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಸರಕಿಗೆ ಯಾವ ಷರತ್ತೂ ಬೇಡ. ಹೋಲಿಕೆಯನ್ನು ನೇರವಾಗಿ ‘<’ ಚಿಹ್ನೆಯಿಂದ ಮಾಡಿ. ಕೀ 64 ಬಿಟ್ ಪೂರ್ಣಾಂಕ ಆಗಿದ್ದರೆ ಆಕಾರ ನೋಡಿದರೇ ಕಂಪೈಲರಿಗೆ ಹೋಲಿಸುವ ರೀತಿ ಗೊತ್ತು. ಚೀಟಿಯೂ ಬೇಡ, ಮುನೀಮರೂ ಬೇಡ. ಹೋಲಿಕೆ ಒಂದು ಮಷೀನ್ ಸೂಚನೆ ಆಗಿ ಇಳಿಯುತ್ತದೆ. ಜೊತೆಗೆ ಲೆಸ್ ಮೆಥಡ್ ಹೋದ ಮೇಲೆ ಪಾಯಿಂಟರ್ ಇಡುವ ಕಾರಣವೂ ಹೋಯಿತು. ದಾಖಲೆಯನ್ನೇ ಮತ್ತೆ ಸ್ಲೈಸಿನಲ್ಲಿ ಇಡಬಹುದು. ಒಂದೇ ಏಟಿಗೆ ಎರಡೂ ಖರ್ಚು ತಪ್ಪುತ್ತವೆ.

ಇದರಲ್ಲೂ ನೋಡಿಕೊಳ್ಳಬೇಕಾದ್ದು ಇದೆ. ಕಾಟಾ ಎಂಟ್ರಿಗಳಿಗೆ ತೂಕವನ್ನೇ ಕೀ ಮಾಡುವುದಾದರೆ ದಶಮಾಂಶದ ಫ್ಲೋಟ್ ಬೇಡ, ಗ್ರಾಂ ಲೆಕ್ಕದ ಪೂರ್ಣಾಂಕ ಇಡಿ. ಫ್ಲೋಟಿನಲ್ಲಿ ‘ಸಂಖ್ಯೆಯೇ ಅಲ್ಲ’ ಅನ್ನುವ ಒಂದು ಬೆಲೆ ಇರುತ್ತದೆ. ಯಾವುದಕ್ಕೆ ಹೋಲಿಸಿದರೂ ಅದು ‘ಕಡಿಮೆ ಅಲ್ಲ’ ಅನ್ನುತ್ತದೆ. ಒಂದು ಒಳಗೆ ಬಂದರೆ ಹೀಪಿನ ಕ್ರಮವೇ ಕೆಡುತ್ತದೆ, ಎರರ್ ಕೂಡ ಬರುವುದಿಲ್ಲ. ಇನ್ನು ಸಮಯ ಒಂದೇ ಇದ್ದಾಗ ಮಷೀನ್ ನಂಬರ್ ನೋಡಬೇಕು ಅನ್ನುವ ಹಾಗೆ ಎರಡು ಕೀ ಬೇಕಾದರೆ, ಸಮಯವನ್ನು ಎಡಕ್ಕೆ ಸರಿಸಿ ಕೆಳಗಿನ ನಾಲ್ಕು ಬಿಟ್‌ನಲ್ಲಿ ನಂಬರ್ ತುಂಬಬಹುದು. 12 ಮಷೀನಿಗೆ ನಾಲ್ಕು ಬಿಟ್ ಸಾಕು. ನಿಮ್ಮ ಸಮಯ ಮಿಲಿಸೆಕೆಂಡಿನಲ್ಲಿದ್ದರೆ ಜಾಗ ಬೇಕಾದಷ್ಟಿದೆ. 1970ರಿಂದ ಎಣಿಸಿದ ನ್ಯಾನೊಸೆಕೆಂಡ್ ಆದರೆ ಜಾಗ ಸಾಲುವುದಿಲ್ಲ, ಮೇಲಿನ ಬಿಟ್‌ಗಳು ಚೆಲ್ಲಿಹೋಗುತ್ತವೆ.

ಹೋಲಿಸುವ ಫಂಕ್ಷನ್ನನ್ನೇ ಆರ್ಗ್ಯುಮೆಂಟ್ ಆಗಿ ಕೊಡುವ ದಾರಿಯೂ ಇದೆ. ಸ್ಟ್ಯಾಂಡರ್ಡ್ ಲೈಬ್ರರಿಯ ‘ಸ್ಲೈಸಸ್ ಡಾಟ್ ಸಾರ್ಟ್‌ಫಂಕ್’ ಇದೇ ರೀತಿಯದು. ಹೊರಗಿನ ಜೆನೆರಿಕ್ ಫಂಕ್ಷನ್ ಪುಟ್ಟದಿದ್ದು ಅದೇ ಇನ್‌ಲೈನ್ ಆದರೆ, ಕೊಟ್ಟ ಫಂಕ್ಷನ್ನಿನ ಒಡಲೂ ಒಳಗೆ ಸೇರಿಕೊಳ್ಳುತ್ತದೆ. ನಿಮ್ಮ ಹೀಪಿನ ಕೆಳಗಿಳಿಸುವ ಲೂಪ್ ಅಷ್ಟು ಪುಟ್ಟದಲ್ಲ. ಅಲ್ಲಿ ಅದು ಪ್ರತಿ ಸಲ ವಿಳಾಸ ನೋಡಿ ಕರೆಯುವ ಕರೆಯಾಗಿಯೇ ಉಳಿಯುತ್ತದೆ. ಬರೆಯಲು ಅನುಕೂಲ, ವೇಗಕ್ಕೆ ಅಂಥ ವ್ಯತ್ಯಾಸ ಇಲ್ಲ.

ಕೈಯಿಂದಲೇ ಒಂದು ಪ್ರತಿ ಬರೆದಿಡೋದು ಎಲ್ಲಕ್ಕಿಂತ ಹಳೇ ದಾರಿ. ಲಾಗಿಗೆ ನಿಮ್ಮ ಹಳೇ ಹೀಪ್, ಉಳಿದದ್ದಕ್ಕೆಲ್ಲ ಜೆನೆರಿಕ್ ಹೀಪ್. ನಾಚಿಕೆಪಡುವ ವಿಷಯ ಏನಲ್ಲ. ಆದರೆ ಆರು ತಿಂಗಳ ಮೇಲೆ ಒಂದರಲ್ಲಿ ಬಗ್ ಸರಿಮಾಡಿ ಇನ್ನೊಂದನ್ನು ಮರೆತಿರುತ್ತೀರಿ. ಹಾಗಾಗಿ ಎರಡಕ್ಕೂ ಒಂದೇ ಟೆಸ್ಟ್ ಓಡುವ ಹಾಗೆ ಮಾಡಿಟ್ಟರೆ ಮಾತ್ರ ಈ ದಾರಿಗೆ ಹೋಗಿ.

ಪಿಜಿಒ (ಪ್ರೋಗ್ರಾಂ ಓಡಿದ ಪ್ರೊಫೈಲ್ ನೋಡಿ ಕಂಪೈಲರ್ ವೇಗ ಹೆಚ್ಚಿಸುವ ವಿಧಾನ) ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ನಿಜವಾಗಿ ಓಡುತ್ತಿರುವ ಪ್ರೋಗ್ರಾಂನ ಸಿಪಿಯು ಪ್ರೊಫೈಲ್ ತೆಗೆದು, ‘ಡಿಫಾಲ್ಟ್ ಡಾಟ್ ಪಿಜಿಒ’ ಅನ್ನುವ ಹೆಸರಿನಲ್ಲಿ ಮೇನ್ ಪ್ಯಾಕೇಜಿನ ಫೋಲ್ಡರಿನಲ್ಲಿ ಇಟ್ಟರೆ ಆಯಿತು. 1.21ರಿಂದ ಕಂಪೈಲರ್ ತಾನಾಗಿ ಅದನ್ನು ಓದಿಕೊಳ್ಳುತ್ತದೆ. ಹೆಚ್ಚು ಓಡುವ ಕರೆಗಳಿಗೆ ಆ 80ರ ಬಜೆಟ್ 2000ಕ್ಕೆ ಏರುತ್ತದೆ. ಬಹುತೇಕ ಪ್ರೋಗ್ರಾಂಗಳಿಗೆ 2ರಿಂದ 14% ಲಾಭ ಅಂತ 1.22ರ ಬಿಡುಗಡೆ ಟಿಪ್ಪಣಿ ಹೇಳುತ್ತದೆ. ಪುಕ್ಕಟೆ ಸಿಗುವ ಲಾಭ, ತಗೊಳ್ಳಿ. ಆದರೆ ಚೀಟಿಯಲ್ಲಿ ಅಡಗಿರುವ ಲೆಸ್ ಕರೆಗೆ ಅದು ಮದ್ದಾಗುತ್ತದೆ ಅಂತ ಕಾಯುತ್ತಾ ಕೂರಬೇಡಿ. ಪ್ರೊಫೈಲನ್ನು ಜೂನ್‌ನಲ್ಲಿ ಮಿಲ್ ಖಾಲಿ ಹೊಡೆಯುವಾಗ ತೆಗೆಯಬೇಡಿ. ಹೊಸ ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ, ಮಷೀನುಗಳು ಹಗಲು ರಾತ್ರಿ ಓಡುವಾಗ ತೆಗೆಯಿರಿ. ಯಾವ ಕೆಲಸ ಹೆಚ್ಚು ಅಂತ ಕಂಪೈಲರಿಗೆ ಹೇಳಿಕೊಡೋದೇ ಆ ಫೈಲು.

ಅಳೆಯುವಾಗಿನ ಮೋಸಗಳನ್ನೂ ಹೇಳಬೇಕು. ಎಡಿಟರಿನಲ್ಲಿ ಡಿಬಗ್ ಬಟನ್ ಒತ್ತಿ ಓಡಿಸಿದ್ದರೆ ಆ ಸಮಯವನ್ನು ಲೆಕ್ಕಕ್ಕೇ ತಗೋಬೇಡಿ. ಡಿಬಗ್ ಬಿಲ್ಡಿನಲ್ಲಿ ಇನ್‌ಲೈನ್ ಪೂರ್ತಿ ಬಂದ್ ಇರುತ್ತದೆ. ಬೆಂಚ್‌ಮಾರ್ಕನ್ನು ‘ಬಿ ಡಾಟ್ ಲೂಪ್’ ಬಳಸಿ ಬರೆದಿದ್ದರೆ ಇನ್ನೊಂದು ಎಡವಟ್ಟು. ಇದು 1.24ರಲ್ಲಿ ಬಂತು, ಒಳ್ಳೆಯದೇ. ಆದರೆ ಬಂದ ಹೊಸತರಲ್ಲಿ ಆ ಲೂಪಿನ ಒಡಲಲ್ಲಿ ನೇರವಾಗಿ ಇರುವ ಕರೆಗಳನ್ನು ಇನ್‌ಲೈನ್ ಆಗಲು ಬಿಡುತ್ತಿರಲಿಲ್ಲ. ಇನ್‌ಲೈನ್ ಆಯಿತಾ ಅಂತ ಅಳೆಯಲು ಹೋಗಿ, ಅಳತೆಗೋಲೇ ಅದನ್ನು ತಡೆದರೆ ಏನು ಗತಿ? ಅಳೆಯಬೇಕಾದ ಕೆಲಸವನ್ನು ಬೇರೆ ಫಂಕ್ಷನ್ನಿನಲ್ಲಿಟ್ಟು ಲೂಪಿನಿಂದ ಅದನ್ನು ಕರೆದರೆ ಸರಿಹೋಗುತ್ತದೆ. ಹತ್ತು ಸಲ ಓಡಿಸಿ, ‘ಬೆಂಚ್‌ಸ್ಟ್ಯಾಟ್’ನಲ್ಲಿ ಹೋಲಿಸಿ. ನಮ್ಮೂರಿನದೇ ಒಂದು ಕಷ್ಟ ಬೇರೆ ಇದೆ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ, ಕರೆಂಟ್ ಹೋಗಿ ಫ್ಯಾನ್ ನಿಂತಿದೆ, ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದೆ. ಬಿಸಿಯಾದ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಹಳೇ ಕೋಡ್, ಮಧ್ಯಾಹ್ನ ಹೊಸ ಕೋಡ್ ಅಳೆದರೆ ಹೊಸದೇ ಸೋಲುತ್ತದೆ. ಬೆಳಗ್ಗೆ ಆರಕ್ಕೆ ಎದ್ದು, ಚಾರ್ಜರ್ ಹಾಕಿ, ಎರಡನ್ನೂ ಬೆನ್ನುಬೆನ್ನಿಗೆ ಓಡಿಸಿ.

ರಸ್ಟ್ ಕಲಿಯಬೇಕು ಅನ್ನಿಸಿದರೆ ಖುಷಿಯಿಂದ ಕಲಿಯಿರಿ. ಅಲ್ಲಿ ಈ ಲೆಸ್ ಸಮಸ್ಯೆ ಇರುವುದಿಲ್ಲ, ಜೆನೆರಿಕ್ ಕೋಡ್ ಬಳಸಿದ ಕಡೆಯೇ ಪ್ರತಿ ತಯಾರಾಗಿ ಇನ್‌ಲೈನಿಗೆ ಸಿಗುತ್ತದೆ. ಆದರೆ ಈ 3 ಸೆಕೆಂಡಿಗಾಗಿ ಭಾಷೆ ಬದಲಿಸೋದು ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ. ಗೋ ಜೆನೆರಿಕ್ಕನ್ನೂ ಬೈಯಬೇಡಿ. ಸ್ಟ್ಯಾಂಡರ್ಡ್ ಲೈಬ್ರರಿಯ ಹಳೇ ‘ಕಂಟೇನರ್ ಸ್ಲ್ಯಾಶ್ ಹೀಪ್’ ಬಳಸಿದ್ದರೆ ಪ್ರತಿ ಹೋಲಿಕೆಯೂ ಇಂಟರ್ಫೇಸ್ ಮೂಲಕ ಹೋಗುತ್ತಿತ್ತು, ಹಾಕುವ ತೆಗೆಯುವ ಪ್ರತಿ ದಾಖಲೆಯನ್ನೂ ‘ಎನಿ’ ಡಬ್ಬಿಯಲ್ಲಿ ತುಂಬಿ ಕೊಡಬೇಕಿತ್ತು. ಅದಕ್ಕಿಂತ ನಿಮ್ಮ ಜೆನೆರಿಕ್ ಹೀಪ್ ಎಷ್ಟೋ ವಾಸಿ.

ಪಾಯಿಂಟರ್ ಬಿಡಲು ಆಗೋದೇ ಇಲ್ಲ, ದಾಖಲೆ ತುಂಬಾ ದೊಡ್ಡದು ಅನ್ನುವುದಾದರೆ ಇನ್ನೊಂದು ಉಪಾಯ. ಒಂದು ಹೊತ್ತಿನಲ್ಲಿ ಹೀಪಿನಲ್ಲಿ ಇರೋದು 12 ದಾಖಲೆ ಮಾತ್ರ. ಫೈಲಿಗೊಂದರಂತೆ 12 ದಾಖಲೆ ಮೊದಲೇ ಮಾಡಿಟ್ಟು, ಮುಂದಿನದನ್ನು ಓದುವಾಗ ಅದರಲ್ಲೇ ತುಂಬಿ. 4 ಕೋಟಿ ಅಲೊಕೇಶನ್ 12ಕ್ಕೆ ಇಳಿಯುತ್ತದೆ. ಅಪಾಯ ಇಷ್ಟೇ: ಹೊರಗೆ ಕೊಟ್ಟ ಪಾಯಿಂಟರನ್ನು ಯಾರಾದರೂ ಇಟ್ಟುಕೊಂಡರೆ ಅವರ ಕೈಯಲ್ಲೇ ದಾಖಲೆ ಬದಲಾಗಿಬಿಡುತ್ತದೆ. ನಾನೇ ಒಮ್ಮೆ ಹೀಗೆ ಮಾಡಿ, ಒಂದು ವರದಿಯಲ್ಲಿ ಎಲ್ಲ ಸಾಲಿಗೂ ಕೊನೆಯ ದಾಖಲೆಯೇ ಬಂದು, ಎರಡು ದಿನ ಹುಡುಕಿದ್ದೇನೆ.

ಕೊನೆಯದಾಗಿ ನೀವು ಕೇಳದೇ ಇದ್ದ ಒಂದು ವಿಷಯ. ಪಾಪ್ ಮಾಡಿ ಆಮೇಲೆ ಪುಶ್ ಮಾಡೋದು ಯಾಕೆ? ಮೇಲಿನದನ್ನು ತೆಗೆದ ಜಾಗದಲ್ಲೇ ಅದೇ ಫೈಲಿನ ಮುಂದಿನ ದಾಖಲೆ ಇಟ್ಟು, ಒಂದೇ ಸಲ ಕೆಳಗಿಳಿಸಿ. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ‘ಫಿಕ್ಸ್’ ಅಂತ ಇರೋದು ಇದಕ್ಕೇ. 9 ಹೋಲಿಕೆ ಇದ್ದದ್ದು ಹೆಚ್ಚೆಂದರೆ 6 ಆಗುತ್ತದೆ. ನಿಜದಲ್ಲಿ ಇನ್ನೂ ಕಡಿಮೆ. ಪಾಪ್ ಮಾಡಿದಾಗ ಮೇಲೆ ಬರೋದು ಹೀಪಿನ ತಳದಲ್ಲಿದ್ದ ಅಂಶ, ಅದು ಸಾಮಾನ್ಯವಾಗಿ ಮತ್ತೆ ತಳದ ತನಕ ಇಳಿಯುತ್ತದೆ. ಮಷೀನಿನ ಲಾಗಿನಲ್ಲಿ ಮುಂದಿನ ದಾಖಲೆಯ ಸಮಯ ಹಿಂದಿನದರ ಪಕ್ಕದಲ್ಲೇ ಇರುತ್ತದೆ. ಎಷ್ಟೋ ಸಲ ಹೊಸದೇ ಮತ್ತೆ ಎಲ್ಲಕ್ಕಿಂತ ಚಿಕ್ಕದು. ಆಗ 2 ಹೋಲಿಕೆಗೆ ಕೆಲಸ ಮುಗಿಯಿತು. ಇದನ್ನು ಇವತ್ತೇ ಮಾಡಿ, ಒಂದು ಗಂಟೆ ಕೆಲಸ. ಆಮೇಲೆ ಕೀ ಬದಲಾಯಿಸಿ. ಅಷ್ಟಾದ ಮೇಲೂ 6 ಸೆಕೆಂಡಿನ ಒಳಗೆ ಬರದಿದ್ದರೆ ಎಮ್ ಈಕ್ವಲ್ 2ರ ಔಟ್‌ಪುಟ್ಟು, ಬೆಂಚ್‌ಮೆಮ್ಮಿನ ಸಾಲು ಎರಡನ್ನೂ ಕಳಿಸಿ, ನೋಡೋಣ.